ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಲಾರಿ

ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಒಂದು ಲಾರಿ ತಯಾರಿಸಿತು. ಕಾಗದದ ಮೇಲೆ ಅದರ ಹೆಸರು ಜಿಎಂಸಿ ಸಿಸಿಕೆಡಬ್ಲ್ಯು. ಯುದ್ಧಭೂಮಿಯಲ್ಲಿ ಇಷ್ಟುದ್ದದ ಹೆಸರು ಕೂಗುವಷ್ಟು ಪುರಸೊತ್ತು ಯಾರಿಗಿತ್ತು? ಸೈನಿಕರು ‘ಜಿಮ್ಮಿ’ ಅಂದರು. ಮೂರು ಆಕ್ಸಲ್, ಮೂರಕ್ಕೂ ಎಂಜಿನ್ನಿನ ಎಳೆತ, ಹಳ್ಳಕೊಳ್ಳದ ದಾರಿಯಲ್ಲೂ ಎರಡೂವರೆ ಟನ್ ಹೇರು. 1941ರಿಂದ 1945ರ ನಡುವೆ ಇಂಥ 5,62,750 ಲಾರಿಗಳು ಕಾರ್ಖಾನೆಯಿಂದ ಹೊರಬಿದ್ದವು.

ಐದೂಮುಕ್ಕಾಲು ಲಕ್ಷಕ್ಕೆ ಸ್ವಲ್ಪ ಕಡಿಮೆ ಎಂದು ಓದಿ ಮುಂದೆ ಹೋಗಿಬಿಡುವ ಸಂಖ್ಯೆ ಇದು. ಒಂದು ಪೆನ್ಸಿಲ್ ಹಿಡಿದು ಕೂತರೆ ಹಾಗೆ ಹೋಗಲಾಗುವುದಿಲ್ಲ. ಧಾರಾಳವಾಗಿ ಪೂರ್ತಿ ಐದು ವರ್ಷ ಎಂದೇ ಲೆಕ್ಕ ಹಿಡಿಯೋಣ. ರಾತ್ರಿ, ಭಾನುವಾರ, ಕ್ರಿಸ್‌ಮಸ್ ಯಾವುದನ್ನೂ ಬಿಡದೆ ಭಾಗಿಸಿದರೆ ದಿನಕ್ಕೆ 308 ಲಾರಿ. ಅಂದರೆ ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಒಂದು. ಈ ಲೇಖನವನ್ನು ನೀವು ಓದಿ ಮುಗಿಸುವಷ್ಟರಲ್ಲಿ ಎರಡೋ ಮೂರೋ ಲಾರಿ ಗೇಟು ದಾಟಿರುತ್ತಿದ್ದವು.

ಒಂದು ಲಾರಿಗೆ ಆರೇ ಮೀಟರ್ ಎಂದು ಜಿಪುಣತನದಿಂದ ಅಳೆದು, ಮೂತಿಗೆ ಬಾಲ ತಾಗಿಸಿ ಸಾಲಾಗಿ ನಿಲ್ಲಿಸಿದರೆ 3,376 ಕಿಲೋಮೀಟರ್ ಆಗುತ್ತದೆ. ಭಾರತದ ಉತ್ತರ–ದಕ್ಷಿಣ ಉದ್ದ 3,214 ಕಿಲೋಮೀಟರ್ ಎಂದು ನಾವೆಲ್ಲ ಶಾಲೆಯಲ್ಲಿ ಉರುಹೊಡೆದಿದ್ದೇವೆ. ಸಾಲು ದೇಶವನ್ನು ದಾಟಿ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ತೂಕದ ಲೆಕ್ಕ ಇನ್ನೂ ವಿಚಿತ್ರ. ಖಾಲಿ ಲಾರಿ ನಾಲ್ಕು ಟನ್ ಎಂದರೂ ಒಟ್ಟು 22 ಲಕ್ಷ ಟನ್ ಮೀರುತ್ತದೆ. ಸ್ವತಂತ್ರ ಭಾರತ 1950–51ರ ಇಡೀ ವರ್ಷದಲ್ಲಿ ತಯಾರಿಸಿದ ಸಿದ್ಧ ಉಕ್ಕು ಸುಮಾರು 10.4 ಲಕ್ಷ ಟನ್. ಜಿಮ್ಮಿಯ ರಬ್ಬರು, ಮರ, ಗಾಜು ಎಲ್ಲ ಕಳೆದರೂ, ನಮ್ಮ ದೇಶದ ಒಂದೂವರೆ ವರ್ಷದ ಉಕ್ಕನ್ನು ಒಂದೇ ಮಾದರಿಯ ಲಾರಿ ನುಂಗಿತ್ತು ಎನ್ನಲು ಅಡ್ಡಿಯಿಲ್ಲ. ಹಿಂದಿನ ಎರಡು ಆಕ್ಸಲ್‌ಗೆ ಜೋಡಿ ಟೈರು, ಮುಂದೆರಡು, ಮೇಲೊಂದು ಸ್ಟೆಪ್ನಿ: ಲಾರಿಗೆ ಹನ್ನೊಂದರಂತೆ 61 ಲಕ್ಷ ದಾಟಿದ ಟೈರುಗಳು. ಅದೂ ಜಪಾನೀಯರು ಮಲಯ ಮತ್ತು ಸುತ್ತಲಿನ ರಬ್ಬರು ನಾಡುಗಳನ್ನು ಹಿಡಿದು, ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನ ಹತ್ತರಲ್ಲಿ ಒಂಬತ್ತು ಪಾಲನ್ನು ತಡೆದ ಕಾಲದಲ್ಲಿ.

ಆ ಸಾಲಿನಲ್ಲಿ ಬಹಳಷ್ಟು ಲಾರಿ ಇಂದು ಇಲ್ಲ. ಸುಟ್ಟವು, ಮುಳುಗಿದವು, ಗುಜರಿಗೆ ಹೋಗಿ ಕರಗಿದವು. ಉಳಿದವುಗಳಲ್ಲಿ ಕೆಲವು ಅಮೆರಿಕದ, ಫ್ರಾನ್ಸಿನ, ಬ್ರಿಟನ್ನಿನ ಮನೆಗಳ ಹಿತ್ತಲಲ್ಲಿ, ಶೆಡ್ಡಿನಲ್ಲಿ, ಒಬ್ಬೊಬ್ಬ ಮನುಷ್ಯನ ವಶದಲ್ಲಿವೆ. ಅವನ ಬಳಿ ಇರುವುದು ಒಂದು ಗ್ರೈಂಡರ್, ಒಂದು ಮಿಗ್ ವೆಲ್ಡಿಂಗ್ ಮಷೀನು, ಸುತ್ತಿಗೆ, ಏಟಿಗೆ ಹಿಂದಿನಿಂದ ಒತ್ತುಕೊಡುವ ಡಾಲಿ ಎಂಬ ಉಕ್ಕಿನ ಗಟ್ಟಿ, ಗೋಡೆಗೆ ಒರಗಿಸಿದ ತಗಡಿನ ಹಾಳೆಗಳು, ಮತ್ತು ವಾರದ ಕೊನೆಯ ಎರಡು ದಿನ. ಈತ ಮಾಡಹೊರಟಿರುವುದು ಲಾರಿ ರಿಪೇರಿ ಎಂದು ನೆರೆಹೊರೆಯವರು ತಿಳಿದಿರುತ್ತಾರೆ. ನನ್ನ ಪ್ರಕಾರ ಆತ ಮಾಡುತ್ತಿರುವುದು ಒಂದು ಕಾರ್ಖಾನೆಯನ್ನು ಒಬ್ಬ ಮನುಷ್ಯನೊಳಗೆ ಮಡಚಿ ತುಂಬುವ ಕೆಲಸ. ಅಲ್ಲಿ ಬೆರಗು ಹುಟ್ಟಿಸುವ ಸಂಖ್ಯೆಗಳು ಲಕ್ಷದವಲ್ಲ, ಮಿಲಿಮೀಟರಿನವು.

ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ. ವಾರಕ್ಕೆ ಹತ್ತು ಗಂಟೆಯಂತೆ ನಾಲ್ಕು ವರ್ಷ ಆತ ದುಡಿದ. ಒಟ್ಟು 2,080 ಗಂಟೆ. ಅಷ್ಟೇ ಗಂಟೆಗಳಲ್ಲಿ ಯುದ್ಧಕಾಲದ ಕಾರ್ಖಾನೆಗಳು 26,700 ಲಾರಿ ಹೊರಹಾಕಿರುತ್ತಿದ್ದವು. ಈತನದ್ದು ಒಂದು.

ಕಾರ್ಖಾನೆಗೆ ಅಷ್ಟು ವೇಗ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸರಳ: ಡೈ. ಮಡ್‌ಗಾರ್ಡಿನ ಆಕಾರವನ್ನು ಗಟ್ಟಿ ಉಕ್ಕಿನಲ್ಲಿ ಒಮ್ಮೆ ಕೊರೆದಿಟ್ಟು, ನೂರಾರು ಟನ್ನಿನ ಪ್ರೆಸ್ಸಿನ ಕೆಳಗೆ ತಗಡಿಟ್ಟರೆ ಒಂದೇ ಏಟಿಗೆ ಮಡ್‌ಗಾರ್ಡ್ ಎದ್ದುಬರುತ್ತದೆ. ಮೊದಲನೆಯದಕ್ಕೂ ಐದು ಲಕ್ಷದನೆಯದಕ್ಕೂ ವ್ಯತ್ಯಾಸ ಹುಡುಕಬೇಕು. ಡೈ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ತಿಂಗಳುಗಳನ್ನು ಲಕ್ಷಾಂತರ ಲಾರಿ ಹಂಚಿಕೊಳ್ಳುತ್ತವೆ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರ ಕಾರು ತಯಾರಿಕೆಯನ್ನೇ ನಿಲ್ಲಿಸಲಾಯಿತು. ಅಷ್ಟೂ ಪ್ರೆಸ್ಸು, ಅಷ್ಟೂ ಕೈಗಳು ಯುದ್ಧದ ಕೆಲಸಕ್ಕೆ ತಿರುಗಿದವು. ಆದರೂ ಉಕ್ಕು ಸಾಲಲಿಲ್ಲ. ಮೊದಮೊದಲ ಜಿಮ್ಮಿಗಳಿಗೆ ಬಾಗಿಲು, ಮಾಡು ಎಲ್ಲ ಇದ್ದ ಉಕ್ಕಿನ ಕ್ಯಾಬಿನ್ ಇತ್ತು. ಆಮೇಲೆ ಅದು ಹೋಗಿ ಕ್ಯಾನ್ವಾಸ್ ಹೊದಿಕೆಯ ತೆರೆದ ಕ್ಯಾಬಿನ್ ಬಂತು. ಹಿಂದಿನ ಉಕ್ಕಿನ ತೊಟ್ಟಿ ಮರದ್ದಾಯಿತು. ಉಕ್ಕು ಉಳಿಯಿತು, ಹಡಗಿನಲ್ಲಿ ಸಾಗಿಸುವಾಗ ಜಾಗವೂ ಉಳಿಯಿತು. ಎಂಬತ್ತು ವರ್ಷದ ನಂತರ ಲಾರಿ ಹುಡುಕುವವನಿಗೆ ಇದು ದೊಡ್ಡ ಅದೃಷ್ಟ: ತಡವಾಗಿ ಹುಟ್ಟಿದ ಜಿಮ್ಮಿ ಸಿಕ್ಕರೆ ತಗಡಿನ ಕೆಲಸ ಅರ್ಧ ಕಡಿಮೆ, ಬಡಗಿ ಕೆಲಸ ಜಾಸ್ತಿ. ಉಕ್ಕಿನ ಕ್ಯಾಬಿನ್ನಿನದ್ದು ಸಿಕ್ಕರೆ ಮಾತ್ರ ಹೆಂಡತಿ ಮಕ್ಕಳಿಗೆ ಮೊದಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕೂ ಇದೆ. ಅಷ್ಟು ಲಾರಿಗೆ ಆಕ್ಸಲ್ ಒದಗಿಸಲು ಒಂದೇ ಮೂಲ ಸಾಕಾಗದೆ ಎರಡು ಬಗೆಯವನ್ನು ಹಾಕಿದರು. ಒಂದರ ಡಿಫರೆನ್ಷಿಯಲ್ ಹೌಸಿಂಗ್ ನಡುವೆ ಇಬ್ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಬ್ಯಾಂಜೊ ವಾದ್ಯದ ಹಾಗೆ ದುಂಡಗೆ. ಒಂದರ ಒಳಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಬೇಕಾದ್ದು ಒಂದು, ಸಾವಿರ ಮೈಲಿ ದೂರದಿಂದ ತರಿಸಿದ್ದು ಇನ್ನೊಂದು ಎಂಬ ಪಾಡು ಈ ಹವ್ಯಾಸಿಗಳಲ್ಲಿ ಮಾಮೂಲು.

ಲಾರಿಗಳು ಹೇಗೆ ಸವೆದವು ಎಂಬುದನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿಯೂ ಸಂಖ್ಯೆಗಳು ತಲೆತಿರುಗಿಸುತ್ತವೆ. 1944ರ ಆಗಸ್ಟಿನಲ್ಲಿ ಮಿತ್ರಪಡೆಗಳು ಫ್ರಾನ್ಸಿನಲ್ಲಿ ಎಷ್ಟು ವೇಗವಾಗಿ ಮುನ್ನುಗ್ಗಿದವೆಂದರೆ ಸಾಮಾನು ಹಿಂದೆಯೇ ಉಳಿಯಿತು. ರೈಲು ಹಳಿಗಳನ್ನು ಮಿತ್ರಪಡೆಗಳ ಬಾಂಬುಗಳೇ ಮೊದಲು ಹಾಳುಗೆಡವಿದ್ದವು. ಆಗ ಆಗಸ್ಟ್ 25ರಂದು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸಾಗಣೆ ಶುರುವಾಯಿತು. ಹೋಗಲೊಂದು ದಾರಿ, ಬರಲೊಂದು ದಾರಿ, ಆ ರಸ್ತೆಗಳಲ್ಲಿ ಊರಿನವರ ಗಾಡಿಗೆ ಪ್ರವೇಶವಿಲ್ಲ. ಉಚ್ಛ್ರಾಯದಲ್ಲಿ 5,958 ವಾಹನ, ದಿನಕ್ಕೆ 12,500 ಟನ್ ಸಾಮಾನು. ನವೆಂಬರ್ 16ಕ್ಕೆ ನಿಲ್ಲುವ ಹೊತ್ತಿಗೆ ಸಾಗಿಸಿದ್ದು 4,12,193 ಟನ್. ನಾಲ್ವರು ಚಾಲಕರಲ್ಲಿ ಮೂವರು ಕಪ್ಪು ಅಮೆರಿಕನ್ ಸೈನಿಕರು. ಬಿಳಿಯರ ಜೊತೆ ಒಂದೇ ತುಕಡಿಯಲ್ಲಿ ನಿಂತು ಹೋರಾಡಲು ಅವರಿಗೆ ಅವಕಾಶವಿರಲಿಲ್ಲ, ಸೇನೆಯೇ ಬಣ್ಣದ ಮೇಲೆ ಇಬ್ಭಾಗವಾಗಿತ್ತು. ಆದರೆ ಆ ಬಿಳಿಯರ ಟ್ಯಾಂಕುಗಳಿಗೆ ಪೆಟ್ರೋಲು ಮುಟ್ಟಿಸಲು ರಾತ್ರಿ ಹಗಲು ನಿದ್ದೆಗೆಟ್ಟವರು ಇವರೇ. ಎರಡೂವರೆ ಟನ್ನಿನ ಲಾರಿಗೆ ಐದು ಟನ್ ಹೇರಿದ್ದೂ ಉಂಟು.

ಈ ಸಾಗಣೆ ತಾನೇ ದಿನಕ್ಕೆ ಮೂರು ಲಕ್ಷ ಗ್ಯಾಲನ್ ಇಂಧನ ಕುಡಿಯುತ್ತಿತ್ತು, ಅಂದರೆ 11 ಲಕ್ಷ ಲೀಟರಿಗೂ ಮೇಲೆ. ಪೆಟ್ರೋಲು ಹೊತ್ತವನು ದಾರಿಯುದ್ದಕ್ಕೂ ಪೆಟ್ರೋಲು ಸುಡುತ್ತ ಹೋಗುವ ಈ ಲೆಕ್ಕ ಯಾವ ಸೇನಾನಿಗೂ ಹಿತವಾಗಿರಲಿಲ್ಲ. ಬಂದರಿನಿಂದ ಸೇನೆ ದೂರ ಹೋದಷ್ಟೂ ಅದು ಕೆಡುತ್ತ ಹೋಯಿತು.

ಭಾರತದ ನೆಲದಲ್ಲೂ ಆ ಕಾಲದ ಮಿಲಿಟರಿ ಲಾರಿಗಳು ಓಡಿವೆ. ಅಸ್ಸಾಮಿನ ಲೇಡೊದಿಂದ ಬರ್ಮಾ ಮೂಲಕ ಚೀನಾದ ಕುನ್‌ಮಿಂಗ್‌ವರೆಗಿನ 1,079 ಮೈಲಿ ದಾರಿಯಲ್ಲಿ 113 ವಾಹನಗಳ ಮೊದಲ ತಂಡ 1945ರ ಜನವರಿ 12ರಂದು ಹೊರಟು ಫೆಬ್ರವರಿ 4ರಂದು ತಲುಪಿತು. ಇಪ್ಪತ್ತನಾಲ್ಕು ದಿನ, ಸರಾಸರಿ ದಿನಕ್ಕೆ 45 ಮೈಲಿ. ಜಿಮ್ಮಿಯ ಗರಿಷ್ಠ ವೇಗ ಗಂಟೆಗೆ 45 ಮೈಲಿ ಎಂಬುದು ನೆನಪಿದ್ದರೆ ಆ ಕಾಡುದಾರಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಈಗ ಶೆಡ್ಡಿಗೆ ಬರೋಣ.

ಲಾರಿಯ ಮೈಗೆ ಒಗ್ಗುವ 18 ಗೇಜಿನ ತಗಡು ಎಂದರೆ 1.2 ಮಿಲಿಮೀಟರ್ ದಪ್ಪ. ಒಂದು ಚದರ ಮೀಟರಿಗೆ ಒಂಬತ್ತೂವರೆ ಕೆಜಿ ತೂಗುತ್ತದೆ. ತುಕ್ಕು ಎರಡೂ ಮುಖದಿಂದ ತಲಾ ವರ್ಷಕ್ಕೆ ಹತ್ತೇ ಹತ್ತು ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು, ತಿಂದರೂ ಅರವತ್ತು ವರ್ಷಕ್ಕೆ ತಗಡು ಸೊನ್ನೆ. ಚಾಸಿ ಹಲವು ಪಟ್ಟು ದಪ್ಪವಾದ್ದರಿಂದ ಬದುಕಿಕೊಳ್ಳುತ್ತದೆ. ಹೀಗಾಗಿ ಹಳೆಯ ಲಾರಿಯಲ್ಲಿ ಯಾವುದು ಉಳಿದಿದೆ ಎಂಬ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿ ಇಲ್ಲ, ದಪ್ಪದಲ್ಲಿದೆ. ಸಾಲದ್ದಕ್ಕೆ, ಕಬ್ಬಿಣ ತುಕ್ಕಾಗುವಾಗ ತಾನಿದ್ದ ಜಾಗದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಕಡೆ ನೀರು ಹೊಕ್ಕರೆ ತುಕ್ಕು ಒಳಗಿನಿಂದ ಉಬ್ಬಿ, ವೆಲ್ಡನ್ನೇ ಹರಿದು, ಎರಡನ್ನೂ ದೂಡಿಬಿಡುತ್ತದೆ. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ನಮ್ಮ ಟಿಂಕರಿಂಗ್ ಶೆಡ್ಡುಗಳಲ್ಲಿ ಅನುಭವಸ್ಥರು ಗಾಡಿಯ ಮೈಯನ್ನು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರಲ್ಲ, ಅದು ಇದಕ್ಕೇ.

ಹೋದ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಮಾಡಬೇಕು. ಮೊದಲ ಸವಾಲು ಮಡಿಕೆ. ಒಂದೂವರೆ ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕಿನ ತಗಡನ್ನು ಹನ್ನೆರಡು ಮಿಲಿಮೀಟರ್ ಅಗಲದ ವಿ-ಅಚ್ಚಿನಲ್ಲಿಟ್ಟು ಒಂದು ಮೀಟರ್ ಉದ್ದಕ್ಕೆ ಮಡಿಸಲು ಸುಮಾರು 11 ಟನ್ ಒತ್ತಡ ಬೇಕು. ಉದ್ದನೆಯ ಜಿಮ್ಮಿಯ ತೊಟ್ಟಿ ಹನ್ನೆರಡು ಅಡಿ. ಅಷ್ಟುದ್ದದ ಪಕ್ಕದ ಹಲಗೆಯ ಅಂಚನ್ನು ಒಂದೇ ಸಲ ಮಡಿಸಲು 40 ಟನ್! ಮನೆಯ ಶೆಡ್ಡಿನಲ್ಲಿರುವ ಹೈಡ್ರಾಲಿಕ್ ಪ್ರೆಸ್ಸು ಹೆಚ್ಚೆಂದರೆ 20 ಟನ್ನಿನದ್ದು, ಅದರ ಬಾಯಿಯೋ ಮೊಳದಷ್ಟು.

ಇಲ್ಲಿ ಬಡವನ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಬೇಕಾದ ಬಲ ಉದ್ದಕ್ಕೆ ನೇರ ಅನುಪಾತದಲ್ಲಿದೆ. ಒಂದು ಮೀಟರಿಗೆ 11 ಟನ್ ಆದರೆ ಒಂದು ಇಂಚಿಗೆ 270–280 ಕೆಜಿ ಅಷ್ಟೇ. ಒಂದು ಕೆಜಿ ಸುತ್ತಿಗೆ ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಬಂದು ತಗಡನ್ನು ಐದು ಮಿಲಿಮೀಟರ್ ತಳ್ಳಿ ನಿಂತರೆ, ಆ ಕ್ಷಣದ ಸರಾಸರಿ ಒತ್ತು 360 ಕೆಜಿ ಮೀರುತ್ತದೆ. ಹಾಗಾಗಿ ಆತ ತಗಡನ್ನು ಎರಡು ಗಟ್ಟಿ ಆ್ಯಂಗಲ್‌ಗಳ ನಡುವೆ ಇಟ್ಟು, ಸಿ-ಕ್ಲ್ಯಾಂಪುಗಳಿಂದ ಬಿಗಿದು, ಹೊರಗೆ ಚಾಚಿದ ಅಂಚನ್ನು ಈ ತುದಿಯಿಂದ ಆ ತುದಿಗೆ ಒಂದೊಂದು ಇಂಚಾಗಿ ಬಡಿಯುತ್ತ ಹೋಗುತ್ತಾನೆ. ಒಂದೇ ಸಲ ಪೂರ್ತಿ ಬಾಗಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಹದಿನೈದು–ಇಪ್ಪತ್ತು ಡಿಗ್ರಿ, ಮುಂದಿನ ಸುತ್ತಿನಲ್ಲಿ ಇನ್ನಷ್ಟು. ಅವಸರ ಮಾಡಿದರೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತದೆ. ನಲವತ್ತು ಟನ್ನಿನ ಯಂತ್ರ ಒಂದು ಉಸಿರಿನಲ್ಲಿ ಮಾಡುವುದನ್ನು ಒಂದು ಕೆಜಿ ಸುತ್ತಿಗೆ ಸಾವಿರಾರು ಏಟಿನಲ್ಲಿ ಮಾಡುತ್ತದೆ, ಆದರೆ ಮಾಡುತ್ತದೆ. ಯಂತ್ರಕ್ಕೂ ಮನುಷ್ಯನಿಗೂ ನಡುವಿನ ಅಂತರ ಶಕ್ತಿಯದ್ದಲ್ಲ, ಪುರಸೊತ್ತಿನದ್ದು ಎಂದು ನನಗೆ ಮನವರಿಕೆಯಾದದ್ದು ಈ ಲೆಕ್ಕದಿಂದಲೇ.

ಮಡಿಕೆ ಸುಲಭದ್ದು. ಉಬ್ಬು ಕಷ್ಟದ್ದು. ಬಾನೆಟ್ಟಿನ ಮೂಲೆಯಂಥ ಕಡೆ ತಗಡು ಎರಡು ದಿಕ್ಕಿನಲ್ಲೂ ಬಾಗಬೇಕು. ಕಾಗದದಂತೆ ಸುತ್ತಿದರೆ ಬರುವುದಿಲ್ಲ, ಲೋಹವನ್ನೇ ಹಿಗ್ಗಿಸಬೇಕು. ಮೂವತ್ತು ಸೆಂಟಿಮೀಟರ್ ಅಡ್ಡಗಲದ ದುಂಡು ತಗಡಿನ ಅಂಚನ್ನು ಅಲುಗದಂತೆ ಹಿಡಿದು ನಡುವೆ ಮೂರು ಸೆಂಟಿಮೀಟರ್ ಎತ್ತರದ ಗುಮ್ಮಟ ಎಬ್ಬಿಸಬೇಕು ಎನ್ನಿ. ಅದರ ವಿಸ್ತೀರ್ಣ ಎಷ್ಟು ಹೆಚ್ಚಬೇಕು? ಬರೀ ನಾಲ್ಕು ಶೇಕಡ. ಅದಕ್ಕಾಗಿ 1.2 ಮಿಲಿಮೀಟರ್ ದಪ್ಪದ ತಗಡು 1.15ಕ್ಕೆ ತೆಳುವಾದರೆ ಸಾಕು. ಕಳೆದುಕೊಂಡದ್ದು ಮಿಲಿಮೀಟರಿನ ನೂರರಲ್ಲಿ ಐದು ಪಾಲು, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕುಶಲಿಯ ಇಡೀ ಮಧ್ಯಾಹ್ನ ಹೋಗುವುದು ಈ ಅರೆಗೂದಲನ್ನು ಸಮನಾಗಿ ಹರಡುವುದರಲ್ಲಿ. ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟುತ್ತಾನೆ, ಆಮೇಲೆ ಇಂಗ್ಲಿಷ್ ವೀಲ್ ಎಂಬ ಜೋಡಿ ಉರುಳೆಗಳ ನಡುವೆ ಹಿಂದೆ ಮುಂದೆ ಓಡಿಸುತ್ತಾನೆ. ಒಂದು ಕಡೆ ಕೂದಲಿನ ಕಾಲುಭಾಗ ಹೆಚ್ಚು ಹಿಗ್ಗಿದರೂ ತಗಡು ಡಬ್ಬಿಯ ಮುಚ್ಚಳದಂತೆ ಟಕ್ ಟಕ್ ಎಂದು ಒಳಗೂ ಹೊರಗೂ ಎಗರತೊಡಗುತ್ತದೆ. ಅದನ್ನು ಸರಿಪಡಿಸಲು ಬಿಸಿ ಮಾಡಿ ಕುಗ್ಗಿಸಬೇಕು.

ಬಿಸಿ ಎಂದರೆ ಮತ್ತೊಂದು ಲೆಕ್ಕ. ವೆಲ್ಡಿಂಗ್ ಆರ್ಕಿನ ತಾಪ 6,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದ್ದು. ಸೂರ್ಯನ ಮೇಲ್ಮೈಯದ್ದು ಸುಮಾರು 5,500. ಉಕ್ಕು ಕರಗುವುದು 1,500ರ ಹತ್ತಿರ. ಸೂರ್ಯನಿಗಿಂತ ಬಿಸಿಯಾದ ಒಂದು ಚುಕ್ಕೆಯನ್ನು 1.2 ಮಿಲಿಮೀಟರ್ ತಗಡಿನ ಮೇಲೆ ಇಟ್ಟು ತೂತು ಬೀಳದಂತೆ ಎಳೆದೊಯ್ಯುವುದು ಒಂದು ಕಲೆ. ತೂತು ಬೀಳದಿದ್ದರೂ ಸೊಟ್ಟಗಾಗುವುದು ತಪ್ಪುವುದಿಲ್ಲ. ಉಕ್ಕು ಒಂದು ಮೀಟರಿಗೆ, ಪ್ರತಿ ಡಿಗ್ರಿಗೆ 12 ಮೈಕ್ರಾನ್ ಹಿಗ್ಗುತ್ತದೆ. 500 ಡಿಗ್ರಿ ಏರಿದರೆ ಒಂದು ಮೀಟರ್ ಉದ್ದದ ಬೆಸುಗೆ ಆರು ಮಿಲಿಮೀಟರ್ ಬೆಳೆಯಬೇಕು. ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಉದ್ದಕ್ಕೆ ಹೋಗಲಾರದ ಬಿಸಿ ಲೋಹ ಅಲ್ಲಿಯೇ ದಪ್ಪವಾಗುತ್ತದೆ; ಆರುವಾಗ ಮಾತ್ರ ಪೂರ್ತಿ ಕುಗ್ಗಿ, ಸುತ್ತಲಿನದನ್ನೆಲ್ಲ ತನ್ನತ್ತ ಜಗ್ಗುತ್ತದೆ. ಅದಕ್ಕಾಗಿ ತಿಳಿದವರು ಗೆರೆ ಎಳೆದಂತೆ ವೆಲ್ಡ್ ಮಾಡುವುದಿಲ್ಲ. ಇಲ್ಲೊಂದು ಚುಕ್ಕೆ, ಒಂದು ಗೇಣು ಬಿಟ್ಟು ಅಲ್ಲೊಂದು, ಕೈಯಿಟ್ಟು ನೋಡಿ ತಣ್ಣಗಾಯಿತೆಂದ ಮೇಲೆ ನಡುವೆ ಮತ್ತೊಂದು. ಪ್ರತಿ ಚುಕ್ಕೆಯನ್ನೂ ಡಾಲಿಯ ಮೇಲಿಟ್ಟು ತಟ್ಟಿ, ಕುಗ್ಗಿದ್ದನ್ನು ಮತ್ತೆ ಹಿಗ್ಗಿಸುತ್ತಾರೆ. ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಒಂದು ಚುಕ್ಕೆಗೆ ಒಂದು ಸೆಕೆಂಡೂ ತೆಗೆದುಕೊಳ್ಳುತ್ತಿರಲಿಲ್ಲ.

ಸತು ಲೇಪಿಸಿದ ತಗಡು ತುಕ್ಕು ಹಿಡಿಯುವುದಿಲ್ಲವಲ್ಲ, ಅದನ್ನೇ ಹಾಕಿದರಾಯಿತು ಎಂದು ಕೆಲವರಿಗೆ ಅನ್ನಿಸುತ್ತದೆ. ಸತು 907 ಡಿಗ್ರಿಗೆ ಕುದಿಯುತ್ತದೆ. ಉಕ್ಕು ಕರಗುವ ಮೊದಲೇ ಅದು ಬಿಳಿ ಹೊಗೆಯಾಗಿ ಎದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಆ ರಾತ್ರಿ ಚಳಿಜ್ವರ ಗ್ಯಾರಂಟಿ. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುವ ಧೈರ್ಯವೂ ಬೇಡ.

ಇವೆಲ್ಲಕ್ಕಿಂತ ಹೆದರಬೇಕಾದದ್ದು ಖಾಲಿ ಪೆಟ್ರೋಲ್ ಟ್ಯಾಂಕಿಗೆ. ಜಿಮ್ಮಿಯ ಟ್ಯಾಂಕು 40 ಗ್ಯಾಲನ್ನಿನದ್ದು, 151 ಲೀಟರ್. ಪೆಟ್ರೋಲಿನ ಆವಿ ಗಾಳಿಯಲ್ಲಿ ಶೇಕಡ 1.4ರಿಂದ 7.6ರ ನಡುವೆ ಇದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಹೆಚ್ಚು, ಗಾಳಿ ಕಡಿಮೆ. ಖಾಲಿಯಾದದ್ದರಲ್ಲಿಯೇ ಹದ ಕೂಡಿಬರುವುದು. 151 ಲೀಟರಿಗೆ ಶೇಕಡ 1.4 ಎಂದರೆ ಎರಡು ಲೀಟರ್ ಆವಿ; ಅಷ್ಟು ಆವಿಗೆ ಬೇಕಾದ ದ್ರವ ಪೆಟ್ರೋಲು ಅಂದಾಜು ಹನ್ನೆರಡು ಮಿಲಿಲೀಟರ್, ಎರಡೂವರೆ ಟೀ ಚಮಚ. ತಳದ ತುಕ್ಕಿನ ಪದರದೊಳಗೆ ಅಷ್ಟು ಅಂಟಿಕೊಂಡಿರುವುದು ದೊಡ್ಡ ಮಾತೇ ಅಲ್ಲ. ಟ್ಯಾಂಕಿನ ತೂತು ಮುಚ್ಚಲು ಹೋಗಿ ಜೀವ ಬಿಟ್ಟ ವೆಲ್ಡರುಗಳು ಎಲ್ಲ ದೇಶದಲ್ಲೂ ಇದ್ದಾರೆ. ಹೊಸ ಟ್ಯಾಂಕನ್ನೇ ಮಾಡಿಕೊಳ್ಳುವುದು ಕಡಿಮೆ ಖರ್ಚಿನದ್ದು.

ಎಂಜಿನ್ನಿನ ವಿಷಯ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಹೆಚ್ಚು ಕಾಡುವುದಿಲ್ಲ. ಆರು ಸಿಲಿಂಡರು, 270 ಘನ ಇಂಚು, ನಮ್ಮ ಲೆಕ್ಕದಲ್ಲಿ 4.4 ಲೀಟರ್, ಹೊರಬರುವ ಶಕ್ತಿ 90 ಅಶ್ವಶಕ್ತಿಯ ಸುಮಾರು. ಇಂದು 1.2 ಲೀಟರಿನ ಪುಟ್ಟ ಕಾರು ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಇದು ನಿಧಾನವಾಗಿ ತಿರುಗುತ್ತದೆ, ಹೆಚ್ಚು ಬಿಗಿಯಿಲ್ಲ, ಕಳಪೆ ಪೆಟ್ರೋಲನ್ನೂ ಕುಡಿಯುತ್ತದೆ. ಐದು ಗೇರು, ಅದರ ಹಿಂದೆ ಹೈ–ಲೋ ಎಂದು ಎರಡು ಮಜಲು, ಒಟ್ಟು ಹತ್ತು ಬಗೆಯ ಮುನ್ನಡೆ. ಕೆಸರಿನಲ್ಲಿ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಆದರೆ ನಿಲ್ಲದೆ ಹೋಗಬೇಕೆಂಬುದೇ ಅದರ ಉದ್ದೇಶವಾಗಿತ್ತು.

ಹೀಗೆ ಡೈ ಮಾಡುವವನು, ಪ್ರೆಸ್ಸು, ವೆಲ್ಡರ್, ಬಡಗಿ, ಪೇಂಟರ್ ಎಲ್ಲ ತಾನೇ ಆಗಿ ಲಾರಿ ಎಬ್ಬಿಸಿದವನು ಕೊನೆಗೆ ಸೇನೆಯ ಸರಬರಾಜು ಇಲಾಖೆಯೂ ಆಗಬೇಕಾಗುತ್ತದೆ. ಪ್ರತಿ ಜೂನ್‌ನಲ್ಲಿ ಮಿತ್ರಪಡೆಗಳು ಅದೇ ತಿಂಗಳು ಬಂದಿಳಿದಿದ್ದ ನಾರ್ಮಂಡಿಯ ಕಡಲತೀರದ ಊರುಗಳಿಗೆ ಯುರೋಪಿನ ಮೂಲೆ ಮೂಲೆಯಿಂದ ಇಂಥವರು ಲಾರಿ ಓಡಿಸಿಕೊಂಡು ಬರುತ್ತಾರೆ. ಟ್ಯಾಂಕು ತುಂಬಿಸಿದರೆ ಜಿಮ್ಮಿ ಹೋಗುವುದು ಸುಮಾರು 480 ಕಿಲೋಮೀಟರ್, ಲೀಟರಿಗೆ ಮೂರು ಚಿಲ್ಲರೆ. ನಮ್ಮ ಬಂಕಿನಲ್ಲಿ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಒಂದು ಸಲ ಫುಲ್ ಮಾಡಿಸಲು 15,000 ರೂಪಾಯಿ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರುವಷ್ಟು ದೂರಕ್ಕೆ ಒಂಬತ್ತು ಸಾವಿರ ರೂಪಾಯಿಯ ಪೆಟ್ರೋಲು, ಟೋಲ್ ಬೇರೆ.